ಒಂದೇ ಬೀದಿ, ಇಡೀ ವರ್ಷ: ಕಾಲ ಬದಲಾಗುವುದನ್ನು ಫೋಟೊದಲ್ಲಿ ಹಿಡಿಯುವ ಕ್ರಮ

‘ವರ್ಷವಿಡೀ ನಮ್ಮ ಬೀದಿಯ ಫೋಟೊ ತೆಗೆದೆ. ಈಗ ನೋಡಿದರೆ ಯಾವುದು ಯಾವ ಕಾಲದ್ದು ಅಂತಲೇ ಗೊತ್ತಾಗುತ್ತಿಲ್ಲ.’ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತೆಗೆದದ್ದನ್ನು ತೋರಿಸಿ ಅಂದರೆ ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿಬಿಡುತ್ತದೆ. ಜನವರಿಯಲ್ಲಿ ಒಂದು ತಿರುವು, ಮಾರ್ಚ್‌ನಲ್ಲಿ ಇನ್ನೊಂದು. ಒಂದು ಬೆಳಗಿನದು, ಒಂದು ಮಟಮಟ ಮಧ್ಯಾಹ್ನದ್ದು. ಒಂದು ಜೂಮ್ ಮಾಡಿದ್ದು, ಒಂದು ಅಗಲಕ್ಕೆ ತೆಗೆದದ್ದು. ಎಲ್ಲವೂ ಬದಲಾಗಿಬಿಟ್ಟರೆ ಕಾಲ ಬದಲಾಗಿದ್ದು ಕಣ್ಣಿಗೆ ಬೀಳುವುದಾದರೂ ಹೇಗೆ?

ಹಾಗಾಗಿ ಬದಲಾಗಬಾರದ್ದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಬದಲಾಗುವುದಕ್ಕೆ ಕಾಯಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಮೊದಲಿನ ನಾಲ್ಕು ಬಿಟ್ಟು ಸೀದಾ ಐದನೆಯದಕ್ಕೆ ಹಾರುತ್ತಾರೆ. ಎಡವುವುದೂ ಅಲ್ಲೇ.

ಬೇಕಾಗುವ ಸಾಮಾನು

ಒಂದು ಫೋನ್ ಅಥವಾ ಕ್ಯಾಮೆರಾ. ಎರಡೂ ಬೇಡ, ಒಂದೇ ಸಾಕು. ಕ್ಯಾಮೆರಾ ಆದರೆ ಒಂದೇ ಲೆನ್ಸ್, 28ರಿಂದ 50 ಮಿ.ಮೀ. ಒಳಗಿನದು. ಜೇಬಿನಲ್ಲಿ ಹಿಡಿಸುವ ಪುಸ್ತಕ, ಪೆನ್ಸಿಲ್ (ಮಳೆಯಲ್ಲಿ ಪೆನ್ನಿನ ಶಾಯಿ ಕದಡುತ್ತದೆ). ಲೆನ್ಸ್ ಒರೆಸುವ ಮೆತ್ತನೆ ಬಟ್ಟೆ ಎರಡು, ಯಾಕೆಂದರೆ ಒಂದು ಒದ್ದೆಯಾಗಿಯೇ ಆಗುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಕವರ್. ತಿಳಿ ಬಣ್ಣದ ಕೊಡೆ.

ಟ್ರೈಪಾಡ್ ಬೇಕೇ ಬೇಕು ಅನ್ನುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಮೂರು ಕಾಲಿನ ಸ್ಟ್ಯಾಂಡ್ ನೆಟ್ಟ ಕೂಡಲೇ ಬೀದಿಯವರೆಲ್ಲ ನೆಟ್ಟಗೆ ನಿಂತುಬಿಡುತ್ತಾರೆ. ಎರಡನೇ ಹಂತದಲ್ಲಿ ಹೇಳುವ ಉಪಾಯ ಗೊತ್ತಿದ್ದರೆ ಅದರ ಅಗತ್ಯವೂ ಬೀಳುವುದಿಲ್ಲ.

ಹಂತ 1: ಜಾಗ ಆರಿಸುವುದು

ಮೊದಲ ಮೂರು ದಿನ ಬರಿಗೈಯಲ್ಲಿ ತಿರುಗಿ. ಮನೆಯಿಂದ ಹತ್ತು ನಿಮಿಷದ ನಡಿಗೆಯ ಒಳಗೇ ಇರಿ. ಅದಕ್ಕಿಂತ ದೂರದ ಜಾಗಕ್ಕೆ ಮಳೆಯಲ್ಲೋ ಚಳಿಯಲ್ಲೋ ನೀವು ಹೋಗುವುದಿಲ್ಲ. ಹೋಗುತ್ತೇನೆ ಅಂತ ಈಗ ಅನ್ನಿಸುತ್ತದೆ, ಅಷ್ಟೆ.

ಮೂರರಿಂದ ಐದು ಜಾಗ ಗುರುತು ಮಾಡಿಕೊಳ್ಳಿ. ಪ್ರತಿ ಜಾಗದಲ್ಲೂ ಮೂರು ಸಂಗತಿ ಇರಬೇಕು. ವರ್ಷವಿಡೀ ಅಲುಗಾಡದ್ದು ಒಂದು: ಗೋಡೆ, ಕಂಬ, ಮೆಟ್ಟಿಲು. ಹವೆಗೆ ತಕ್ಕಂತೆ ಬದಲಾಗುವುದು ಒಂದು: ಎಲೆ ಉದುರುವ ಮರ, ನೀರು ನಿಲ್ಲುವ ತಗ್ಗು, ಬಟ್ಟೆ ಒಣಹಾಕುವ ಹಗ್ಗ. ಮೂರನೆಯದು ಜನ. ಬಸ್ಸಿಗೆ ಕಾಯುವವರು, ನಾಯಿ ಹಿಡಿದು ಹೊರಟವರು, ಮೆಟ್ಟಿಲ ಮೇಲೆ ಕೂತವರು.

ಸಾಮಾನ್ಯ ತಪ್ಪು: ಚೆಂದದ ಜಾಗ ಹುಡುಕುವುದು. ಹೂ ತುಂಬಿದ ಮರ ಹದಿನೈದು ದಿನ ಚೆಂದ. ಉಳಿದ ಹನ್ನೊಂದೂವರೆ ತಿಂಗಳು ಅಲ್ಲಿ ಏನು ಮಾಡುತ್ತೀರಿ?

ಎಚ್ಚರಿಕೆಯ ಸೂಚನೆ: ಒಂದು ಜಾಗದಲ್ಲಿ ಹದಿನೈದು ನಿಮಿಷ ನಿಂತರೂ ಯಾರೂ ಹಾಯ್ದುಹೋಗಲಿಲ್ಲ ಅಂದರೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಅದು ಬರೀ ದೃಶ್ಯ. ನಮಗೆ ಬೇಕಾದದ್ದು ಬದುಕು.

ಹಂತ 2: ಚೌಕಟ್ಟನ್ನು ಬಿಗಿ ಮಾಡುವುದು

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ನಿಧಾನವಾಗಿ ಓದಿ.

‘ಅದೇ ಜಾಗದಲ್ಲಿ ನಿಂತು ತೆಗೆದೆ’ ಅಂತ ಎಲ್ಲರೂ ಹೇಳುತ್ತಾರೆ. ಎರಡು ಫೋಟೊ ಅಕ್ಕಪಕ್ಕ ಇಟ್ಟರೆ ಕಂಬ ಒಂದರಲ್ಲಿ ಬಾಗಿಲಿನ ಮುಂದೆ, ಇನ್ನೊಂದರಲ್ಲಿ ಕಿಟಕಿಯ ಮುಂದೆ ಇರುತ್ತದೆ. ನಿಂತ ಜಾಗ ಎರಡು ಹೆಜ್ಜೆ ಆಚೀಚೆ ಆಗಿರುತ್ತದೆ. ನೆಲದ ಮೇಲೆ ಗುರುತು ಹಾಕಿದರೆ ಮಳೆಗೆ ಅಳಿಸುತ್ತದೆ. ಆದ್ದರಿಂದ ಗುರುತನ್ನು ನೆಲದ ಮೇಲೆ ಹಾಕಬೇಡಿ, ದೃಶ್ಯದ ಒಳಗೇ ಹುಡುಕಿ.

ಹೀಗೆ ಮಾಡಿ. ಚೌಕಟ್ಟಿನ ಎಡಭಾಗದಲ್ಲಿ ಹತ್ತಿರದ ಒಂದು ವಸ್ತು, ಅದರ ಹಿಂದೆ ದೂರದ ಒಂದು ವಸ್ತು ನೋಡಿಕೊಳ್ಳಿ. ಉದಾಹರಣೆಗೆ, ಹತ್ತಿರದ ಕಂಬದ ಬಲ ಅಂಚು ಹಿಂದಿನ ಮನೆಯ ಕಿಟಕಿಯ ಎಡ ಅಂಚಿಗೆ ಸರಿಯಾಗಿ ತಾಗುವ ಹಾಗೆ ನಿಲ್ಲಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಸಾಕು, ನಡುವೆ ಸಂದು ಬೀಳುತ್ತದೆ ಅಥವಾ ಕಂಬ ಕಿಟಕಿಯನ್ನು ಮುಚ್ಚುತ್ತದೆ. ಈಗ ಇಂಥದ್ದೇ ಇನ್ನೊಂದು ಜೋಡಿಯನ್ನು ಬಲಭಾಗದಲ್ಲಿ ಹುಡುಕಿ. ಒಂದು ಜೋಡಿ ನಿಮ್ಮನ್ನು ಒಂದು ಗೆರೆಯ ಮೇಲೆ ನಿಲ್ಲಿಸುತ್ತದೆ. ಎರಡು ಗೆರೆ ಕೂಡುವುದು ಒಂದೇ ಬಿಂದುವಿನಲ್ಲಿ. ಎರಡೂ ಜೋಡಿ ಕೂಡಿಬಂದರೆ ನಿಮ್ಮ ಕಾಲು ಹೋದ ತಿಂಗಳಿದ್ದ ಜಾಗದಲ್ಲೇ ಇದೆ ಅಂತ ಅರ್ಥ.

ಎತ್ತರಕ್ಕೂ ಇದೇ ಉಪಾಯ. ಹತ್ತಿರದ ಗೇಟಿನ ಮೇಲಂಚು ದೂರದ ಮೆಟ್ಟಿಲಿನ ಯಾವ ಸಾಲಿಗೆ ಬರುತ್ತದೆ ನೋಡಿಕೊಳ್ಳಿ. ಫೋನನ್ನು ಒಮ್ಮೆ ಎದೆಮಟ್ಟ, ಒಮ್ಮೆ ಕಣ್ಣಮಟ್ಟ ಹಿಡಿದರೆ ಈ ಗೆರೆ ಕೂಡಲೇ ತಪ್ಪುತ್ತದೆ. ನನ್ನ ಮೊದಲ ವರ್ಷದ ಅರ್ಧ ಕೆಲಸ ಹಾಳಾದದ್ದು ಇದರಿಂದಲೇ. ಚಳಿಯಲ್ಲಿ ಕೈ ಮೈಗೆ ಒತ್ತಿಕೊಂಡು ತೆಗೆದವೆಲ್ಲ ಒಂದು ಗೇಣು ಕೆಳಗಿದ್ದವು. ಎಂಟು ತಿಂಗಳವರೆಗೆ ನನಗೆ ಅದು ಗೊತ್ತೇ ಆಗಿರಲಿಲ್ಲ.

ಆಮೇಲೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆ ಆನ್ ಮಾಡಿ. ಹೋದ ಸಲದ ಫೋಟೊವನ್ನು ಫೋನಿನಲ್ಲೇ ಇಟ್ಟುಕೊಂಡು ಹೋಗಿ, ಗೆರೆಗಳು ಎಲ್ಲೆಲ್ಲಿ ಹಾಯುತ್ತವೆ ಅಂತ ಹೋಲಿಸಿ. ಜೂಮ್ ಬೇಡವೇ ಬೇಡ. ಫೋನಿನಲ್ಲಿ ಮುಖ್ಯ ಕ್ಯಾಮೆರಾ, 1ಎಕ್ಸ್. ಬೆರಳಿನಿಂದ ಹಿಗ್ಗಿಸಿದ ಜೂಮ್ ಪ್ರತಿ ಸಲ ಬೇರೆ ಬೇರೆ ಆಗುತ್ತದೆ, ಫೋಟೊ ಮಸುಕೂ ಆಗುತ್ತದೆ.

ಪರೀಕ್ಷೆ: ಒಂದು ಫೋಟೊ ತೆಗೆಯಿರಿ. ಒಂದು ಸುತ್ತು ನಡೆದು ಬಂದು ಮತ್ತೆ ತೆಗೆಯಿರಿ. ಎರಡನ್ನೂ ಬೆರಳಿನಿಂದ ಹಿಂದೆ ಮುಂದೆ ಸರಿಸಿ ನೋಡಿ. ಗೋಡೆ ಜಿಗಿದರೆ ಜೋಡಿ ಬದಲಿಸಿ. ಜಿಗಿಯದಿದ್ದರೆ ಪುಸ್ತಕದಲ್ಲಿ ಬರೆದಿಡಿ: ‘ಜಾಗ 2: ಎಡ, ಕಂಬ–ಕಿಟಕಿ. ಬಲ, ಗೇಟು–ನೀರಿನ ಕೊಳವೆ. ಕಣ್ಣಮಟ್ಟ. ಅಡ್ಡ ಫೋಟೊ.’

ಗುರುತಿಗೆ ಮರದ ಕೊಂಬೆ, ನಿಲ್ಲಿಸಿದ ಗಾಡಿ, ಬೋರ್ಡು ಬೇಡ. ಕೊಂಬೆ ಬೆಳೆಯುತ್ತದೆ, ಗಾಡಿ ಹೋಗುತ್ತದೆ.

ಹಂತ 3: ಕ್ಯಾಮೆರಾದ ಬುದ್ಧಿವಂತಿಕೆಗೆ ಕಡಿವಾಣ

ಆಟೊ ವೈಟ್ ಬ್ಯಾಲೆನ್ಸ್ ಋತುವಿನ ಶತ್ರು. ಮೋಡದ ನೀಲಿಯನ್ನೂ ಸಂಜೆಯ ಹಳದಿಯನ್ನೂ ಅದು ‘ಸರಿ’ ಮಾಡಿ ಒಂದೇ ಬಣ್ಣಕ್ಕೆ ತರಲು ನೋಡುತ್ತದೆ. ನೀವು ಹಿಡಿಯಲು ಹೊರಟದ್ದೇ ಆ ವ್ಯತ್ಯಾಸವನ್ನು, ಅಲ್ವಾ? ವೈಟ್ ಬ್ಯಾಲೆನ್ಸನ್ನು ‘ಡೇಲೈಟ್’ಗೆ, ಅಂದರೆ ಬೆಳಕಿನ ಬಣ್ಣದ ಅಳತೆಯಲ್ಲಿ ಸುಮಾರು 5500 ಕೆಲ್ವಿನ್‌ಗೆ ಇಟ್ಟು ವರ್ಷವಿಡೀ ಮುಟ್ಟಬೇಡಿ. ಫೋನಿನಲ್ಲಿ ‘ಪ್ರೊ’ ಮೋಡ್ ಇದ್ದರೆ ಅಲ್ಲಿ ಈ ಆಯ್ಕೆ ಸಿಗುತ್ತದೆ.

ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಮಾಹಿತಿ) ಉಳಿಸುವ ಅನುಕೂಲ ಇದ್ದರೆ ಮಾಮೂಲಿ ಜೆಪೆಗ್ ಫೋಟೊ ಜತೆ ಅದನ್ನೂ ಉಳಿಸಿ. ಆಕಾಶ, ಹಸಿರು ತಾನಾಗಿಯೇ ಗಾಢವಾಗುವ ಫಿಲ್ಟರ್ ಆಫ್ ಮಾಡಿ. ಒಣಗಿದ ಹುಲ್ಲು ಒಣಗಿದಂತೆಯೇ ಕಾಣಲಿ. ಕ್ಯಾಮೆರಾದ ತಾರೀಕು, ಸಮಯ ಸರಿಯಾಗಿದೆಯೇ ನೋಡಿ. ಇದೊಂದು ತಪ್ಪಿದರೆ ಆಮೇಲೆ ಜೋಡಿಸುವಾಗ ತಲೆ ಕೆಡುತ್ತದೆ.

ಹಂತ 4: ಯಾವಾಗ ಹೋಗುವುದು

ತಿಂಗಳಿಗೆ ಎರಡು ದಿನ ಗೊತ್ತು ಮಾಡಿಕೊಳ್ಳಿ. ದಿನಾ ಹೋಗುತ್ತೇನೆ ಅಂದವರು ಮೂರನೇ ವಾರಕ್ಕೆ ಬಿಟ್ಟಿದ್ದನ್ನು ನೋಡಿದ್ದೇನೆ.

ಇದರ ಜತೆ ನಾಲ್ಕು ದಿನ ತಪ್ಪಿಸಬಾರದು: ಮಾರ್ಚ್ 20, ಜೂನ್ 21, ಸೆಪ್ಟೆಂಬರ್ 22, ಡಿಸೆಂಬರ್ 21, ಅಥವಾ ಅವುಗಳ ಆಸುಪಾಸು. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಜೂನ್, ಡಿಸೆಂಬರ್‌ನಲ್ಲಿ ಸೂರ್ಯ ತನ್ನ ಓಡಾಟದ ಎರಡು ತುದಿಯಲ್ಲಿರುತ್ತಾನೆ. ಆ ಎರಡು ತುದಿಗಳ ನಡುವಿನ ಅಂತರ ಸುಮಾರು 47 ಡಿಗ್ರಿ. ಇದು ಬರೀ ಲೆಕ್ಕವಲ್ಲ, ನೆಲದ ಮೇಲೆ ಕಾಣುತ್ತದೆ. ಉತ್ತರ ಅಕ್ಷಾಂಶ 40 ಡಿಗ್ರಿಯ ಊರಿನಲ್ಲಿ ಎರಡು ಮೀಟರ್ ಕಂಬದ ನಡುಮಧ್ಯಾಹ್ನದ ನೆರಳು ಜೂನ್‌ನಲ್ಲಿ ಸುಮಾರು 60 ಸೆಂ.ಮೀ. ಡಿಸೆಂಬರ್‌ನಲ್ಲಿ ಅದೇ ನೆರಳು ಹತ್ತಿರ ಹತ್ತಿರ 4 ಮೀಟರ್! 15 ಡಿಗ್ರಿಯ ಊರಿನಲ್ಲಿ ಡಿಸೆಂಬರ್‌ನದು ಸುಮಾರು 1.6 ಮೀಟರ್, ಅದೂ ಉತ್ತರದ ಕಡೆಗೆ. ಜೂನ್‌ನಲ್ಲಿ ಬರೀ 30 ಸೆಂ.ಮೀ., ಅದು ಬೀಳುವುದು ದಕ್ಷಿಣಕ್ಕೆ. ಉಷ್ಣವಲಯದ ಊರುಗಳಲ್ಲಿ ಮರದ ಎಲೆ ಅಷ್ಟಾಗಿ ಬದಲಾಗದಿದ್ದರೂ ನೆರಳು ಹೀಗೆ ಕಡೆ ಬದಲಿಸುತ್ತದೆ. ‘ನಮ್ಮಲ್ಲಿ ಋತುವೇ ಕಾಣಲ್ಲ’ ಅನ್ನುವವರು ಗೋಡೆ ನೋಡುವುದು ಬಿಟ್ಟು ನೆಲ ನೋಡಲಿ.

ಹೊತ್ತು ಯಾವುದು? ಜನರ ಬದುಕು ಗಡಿಯಾರದ ಪ್ರಕಾರ ನಡೆಯುವುದರಿಂದ ಗಡಿಯಾರದ ಹೊತ್ತನ್ನೇ ಹಿಡಿಯಿರಿ. ಸಂಜೆ ಆರು ಅಂದರೆ ವರ್ಷವಿಡೀ ಆರು. ಒಂದು ತಿಂಗಳು ಆ ಹೊತ್ತಿಗೆ ಬಿಸಿಲಿರುತ್ತದೆ, ಇನ್ನೊಂದು ತಿಂಗಳು ಬೀದಿ ದೀಪ ಹತ್ತಿರುತ್ತದೆ. ನಮಗೆ ಬೇಕಾದ ಫೋಟೊ ಅದೇ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶದಲ್ಲಿದ್ದರೆ ಆ ತಾರೀಕನ್ನು ಪುಸ್ತಕದಲ್ಲಿ ಬರೆದಿಡಿ. ಇಲ್ಲದಿದ್ದರೆ ಬೆಳಕು ಒಂದೇ ದಿನದಲ್ಲಿ ಯಾಕೆ ಜಿಗಿಯಿತು ಅಂತ ಆಮೇಲೆ ಒದ್ದಾಡುತ್ತೀರಿ.

ಇನ್ನು ಕರೆ ಬಂದ ಕೂಡಲೇ ಓಡಬೇಕಾದ ದಿನಗಳಿವೆ. ಮೊದಲ ಮಳೆ, ಮೊದಲ ದಟ್ಟ ಮಂಜು, ಎಲೆಯೆಲ್ಲ ಒಂದೇ ಗಾಳಿಗೆ ಉದುರಿದ ಬೆಳಗ್ಗೆ. ಇವು ಕ್ಯಾಲೆಂಡರ್ ಕೇಳಿ ಬರುವುದಿಲ್ಲ. ಚೀಲವನ್ನು ಬಾಗಿಲ ಹತ್ತಿರವೇ ಇಟ್ಟಿರಿ.

ಹಂತ 5: ಜನರಿಗಾಗಿ ಕಾಯುವುದು

ಚೌಕಟ್ಟು ಸರಿ ಮಾಡಿ ಮೊದಲು ಖಾಲಿ ಬೀದಿಯ ಒಂದು ಫೋಟೊ ತೆಗೆಯಿರಿ. ಅದು ಅಳತೆಗೆ. ಆಮೇಲೆ ಇಪ್ಪತ್ತು ನಿಮಿಷ ಅಲ್ಲೇ ನಿಲ್ಲಿ.

ಬರೀ ಯಾರೋ ಹಾಯ್ದುಹೋದರೆ ಸಾಲದು. ಹವೆ ಅವರ ಮೈಮೇಲೆ ಕಾಣಬೇಕು. ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದವರು. ಚಳಿಗೆ ಹೆಗಲು ಕಿವಿಯವರೆಗೆ ಏರಿದವರು. ನೀರಿನ ತಗ್ಗು ದಾಟಲು ಒಂದು ಕಾಲು ಎತ್ತಿದವರು. ಅದೇ ಬೀದಿಯಲ್ಲಿ ಸೆಕೆಗಾಲದಲ್ಲಿ ಎಲ್ಲರೂ ನೆರಳಿನ ಬದಿ ಹಿಡಿದು ನಡೆಯುತ್ತಾರೆ, ಚಳಿಗಾಲದಲ್ಲಿ ಬಿಸಿಲಿನ ಬದಿ. ಇದನ್ನು ಒಮ್ಮೆ ಗಮನಿಸಿದರೆ ಮತ್ತೆ ಮರೆಯುವುದಿಲ್ಲ.

ಬಂದವರ ಹಿಂದೆ ಕ್ಯಾಮೆರಾ ತಿರುಗಿಸಬೇಡಿ. ಚೌಕಟ್ಟು ನಿಂತಲ್ಲೇ ನಿಲ್ಲಲಿ, ಅವರು ಅದರೊಳಗೆ ಬರಲಿ. ಬೇರೆ ಕೋನದಿಂದ ತೆಗೆಯುವ ಆಸೆಯಾದರೆ ಮೂಲ ಫೋಟೊ ಸಿಕ್ಕಿದ ಮೇಲೆ ಎಷ್ಟು ಬೇಕಾದರೂ ತೆಗೆಯಿರಿ. ಮೊದಲೇ ಶುರು ಮಾಡಿದರೆ ಮೂಲ ತಪ್ಪುತ್ತದೆ. ನನಗೆ ಈಗಲೂ ತಪ್ಪುತ್ತದೆ.

ಒಪ್ಪಿಗೆಯ ವಿಷಯ. ನೀವು ದಿನಾ ಮುಖ ನೋಡಬೇಕಾದ ಜನ ಇವರು. ಕದ್ದು ತೆಗೆದ ಒಂದು ಫೋಟೊ ಇಡೀ ವರ್ಷದ ಕೆಲಸವನ್ನು ನಿಲ್ಲಿಸಬಹುದು. ಮೊದಲ ವಾರದಲ್ಲೇ ಹೋಗಿ ಹೇಳಿ: ‘ಈ ಮೂಲೆಯಿಂದ ವರ್ಷಪೂರ್ತಿ ಫೋಟೊ ತೆಗೆಯುತ್ತಿದ್ದೇನೆ, ಬೇಡ ಅಂದರೆ ನಿಮ್ಮನ್ನು ಬಿಟ್ಟು ತೆಗೆಯುತ್ತೇನೆ.’ ಬೇಡ ಅಂದವರ ಮುಂದೆಯೇ ಫೋಟೊ ಅಳಿಸಿ, ವಾದ ಬೇಡ. ಮಕ್ಕಳಿದ್ದರೆ ಮನೆಯವರನ್ನು ಕೇಳದೆ ಬೇಡ. ಕಿಟಕಿಯ ಒಳಗೆ ಕ್ಯಾಮೆರಾ ಹಾಯಬಾರದು. ತೆಗೆದದ್ದರ ಒಂದು ಚಿಕ್ಕ ಪ್ರಿಂಟ್ ಕೈಗೆ ಕೊಟ್ಟರೆ ಮುಂದಿನ ಸಲ ಅವರೇ ‘ಇವತ್ತು ತಡವಾಯ್ತಲ್ಲ’ ಅಂತ ಕೇಳುತ್ತಾರೆ. ಸಾರ್ವಜನಿಕ ಜಾಗದಲ್ಲಿ ಫೋಟೊ ತೆಗೆಯುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಹೇಗೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಎಚ್ಚರಿಕೆಯ ಸೂಚನೆ: ನಿಮ್ಮನ್ನು ಕಂಡ ಕೂಡಲೇ ಜನ ಬೀದಿಯ ಆಚೆ ಬದಿಗೆ ಹೋಗುತ್ತಿದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ, ಒಂದು ವಾರ ಸುಮ್ನೆ ಮಾತಾಡಿಸಿಕೊಂಡು ಬನ್ನಿ.

ಹಂತ 6: ಹವೆಗೆ ತಕ್ಕ ಸೆಟ್ಟಿಂಗ್

ಮಳೆ. ಕಣ್ಣಿಗೆ ಜೋರಾಗಿ ಕಂಡ ಮಳೆ ಫೋಟೊದಲ್ಲಿ ಮಾಯವಾಗುತ್ತದೆ ಅನ್ನುವ ದೂರು ಎಲ್ಲರದ್ದೂ. ಬೆಳ್ಳಗಿನ ಆಕಾಶದ ಎದುರು ಹನಿ ಕಾಣುವುದೇ ಇಲ್ಲ. ಹಿಂದೆ ಕಪ್ಪು ಗೋಡೆಯೋ ದಟ್ಟ ಮರವೋ ಇರಬೇಕು, ಬೆಳಕು ಹನಿಯ ಹಿಂದಿನಿಂದ ಬರಬೇಕು. ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/60ರಿಂದ 1/125 ಸೆಕೆಂಡ್ ಇದ್ದರೆ ಹನಿ ಗೆರೆಯಾಗಿ ಬೀಳುತ್ತದೆ, 1/1000 ಇದ್ದರೆ ಚುಕ್ಕೆಯಾಗಿ ನಿಲ್ಲುತ್ತದೆ. ನನಗೆ ಗೆರೆಯೇ ಇಷ್ಟ, ಮಳೆ ಅಂತ ಅನ್ನಿಸುವುದು ಗೆರೆಯಲ್ಲೇ. ಮಳೆ ನಿಂತ ಮೇಲಿನ ಅರ್ಧ ಗಂಟೆ ಬಿಡಬೇಡಿ. ಜನ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ, ನೆಲ ಕನ್ನಡಿಯಾಗಿರುತ್ತದೆ. ಫೋನನ್ನು ತಲೆಕೆಳಗು ಹಿಡಿದು ಲೆನ್ಸನ್ನು ನೀರಿನ ಮಟ್ಟಕ್ಕೆ ತಂದರೆ ಪ್ರತಿಬಿಂಬ ಪೂರ್ತಿ ಸಿಗುತ್ತದೆ. ಇದು ಹೆಚ್ಚುವರಿ ಫೋಟೊಗೆ ಮಾತ್ರ, ಮೂಲ ಚೌಕಟ್ಟಿಗಲ್ಲ.

ಮಂಜು ಮತ್ತು ಹಿಮ. ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಮೀಟರ್ ಕಂಡದ್ದನ್ನೆಲ್ಲ ನಡು ಬೂದು ಬಣ್ಣಕ್ಕೆ ಎಳೆಯುತ್ತದೆ. ಅದಕ್ಕೇ ಬಿಳಿ ಮಂಜು ಕೊಳಕು ಬೂದಿಯಾಗಿ ಬರುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಫೋಟೊಗೆ ಬೀಳುವ ಬೆಳಕಿನ ಪ್ರಮಾಣವನ್ನು, ಮಂಜಿಗೆ +1ರ ಹತ್ತಿರ, ಹಿಮಕ್ಕೆ +1ರಿಂದ +2ರವರೆಗೆ ಏರಿಸಿ. ಮಂಜಿನಲ್ಲಿ ಆಟೊ ಫೋಕಸ್ ತಡಕಾಡುತ್ತದೆ. ಕಂಬದ ಕಪ್ಪು ಅಂಚಿನ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಿ.

ಬಿರುಬಿಸಿಲು. ಬೆಳಗಿದ ಭಾಗಕ್ಕೆ ಸರಿಯಾಗಿ ಎಕ್ಸ್‌ಪೋಶರ್ ಇಡಿ, ನೆರಳು ಕಪ್ಪಾದರೆ ಆಗಲಿ. ಸುಟ್ಟು ಬಿಳಿಯಾದ ಗೋಡೆಯಲ್ಲಿ ಆಮೇಲೆ ಏನೂ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ನೆರಳೇ ಮುಖ್ಯ ಪಾತ್ರ. ಅದರೊಳಗೆ ಒತ್ತಿಕೊಂಡು ನಿಂತ ಜನರನ್ನು ನೋಡಿ.

ಎಲೆ ಉದುರುವ ಕಾಲ, ಗಾಳಿ. ಒದ್ದೆ ಎಲೆಯ ಬಣ್ಣ ಒಣ ಎಲೆಗಿಂತ ಗಾಢ. ಮೋಡದ ದಿನ ಹೋಗಿ. ಗಾಳಿ ಕಾಣಬೇಕಾದರೆ ಗೋಡೆಗೆ ಒರಗಿ, ಉಸಿರು ಹಿಡಿದು, ಶಟರ್ 1/15 ಇಟ್ಟು ತೆಗೆಯಿರಿ. ಗೋಡೆ ನಿಂತಿರುತ್ತದೆ, ಎಲೆ ಓಡುತ್ತದೆ.

ಚಳಿಯ ಬೆಳಗ್ಗೆ ಬಾಯಿಂದ ಬರುವ ಹಬೆ ಬೇಕಾದರೆ ಇಳಿಬಿಸಿಲಿಗೆ ಎದುರಾಗಿ ನಿಲ್ಲಿ, ಹಿಂದೆ ಕಪ್ಪು ಇರಲಿ. ಮಳೆಯ ಲೆಕ್ಕವೇ.

ಹಂತ 7: ಸಾಮಾನು ಕಾಪಾಡುವುದು

ತಣ್ಣನೆ ಜಾಗದಿಂದ ಬೆಚ್ಚಗಿನ, ತೇವದ ಜಾಗಕ್ಕೆ ಬಂದರೆ ಲೆನ್ಸ್ ಮೇಲೆ ಹನಿ ಕಟ್ಟುತ್ತದೆ. ಬಾಗಿಲು ದಾಟುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರ್‌ನಲ್ಲಿ ಹಾಕಿ ಮುಚ್ಚಿ. ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಹನಿ ಕವರಿನ ಹೊರಗೆ ಕಟ್ಟುತ್ತದೆ. ಲೆನ್ಸ್ ಒಳಗೇ ಮಂಜು ಕಂಡರೆ ಅಂದಿನ ಕೆಲಸ ಅಲ್ಲಿಗೆ ನಿಲ್ಲಿಸಿ.

ಮಳೆಗಾಲದಲ್ಲಿ ಕ್ಯಾಮೆರಾವನ್ನು ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಅವು ತೇವ ಹಿಡಿಯುತ್ತವೆ. ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಬಣ್ಣ ಬದಲಿಸುವ ಜೆಲ್ ಆದರೆ ಬಣ್ಣ ತಿರುಗಿದಾಗ ಒಣಗಿಸಿ ಅಥವಾ ಬದಲಿಸಿ. ನನ್ನ ಒಂದು ಲೆನ್ಸಿಗೆ ಜೇಡನ ಬಲೆಯಂಥ ಬೂಷ್ಟು ಹತ್ತಿದ್ದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ಲೆನ್ಸಿನ ಒಳಗೆ ನೋಡಿ.

ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಒದ್ದೆ ಫೋನನ್ನು ಚಾರ್ಜಿಗೆ ಹಾಕಬೇಡಿ. ಸಿಡಿಲು ಬರುತ್ತಿದ್ದರೆ ಮನೆಯೊಳಗಿರಿ.

ಹಂತ 8: ಅದೇ ದಿನ ಎತ್ತಿಡುವುದು

ಫೈಲಿನ ಹೆಸರು ವರ್ಷ, ತಿಂಗಳು, ದಿನ, ಜಾಗದ ಕ್ರಮದಲ್ಲಿರಲಿ: 2025-06-21-ಜಾಗ2. ಹೀಗಿದ್ದರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಪುಸ್ತಕದಲ್ಲಿ ಒಂದೇ ಸಾಲು ಬರೆಯಿರಿ, ಫೋಟೊದಲ್ಲಿ ಕಾಣದ್ದನ್ನು: ಎಂಥ ವಾಸನೆ ಇತ್ತು, ಯಾರು ಏನಂದರು. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ. ವರ್ಷದ ಕೆಲಸ ಒಂದೇ ಮೆಮೊರಿ ಕಾರ್ಡಿನಲ್ಲಿಟ್ಟು ಕಳೆದುಕೊಂಡವರ ಮುಖ ನೋಡಲಾಗುವುದಿಲ್ಲ.

ಹಂತ 9: ಆರಿಸಿ ಜೋಡಿಸುವುದು

ಆರು ತಿಂಗಳವರೆಗೆ ಏನನ್ನೂ ಅಳಿಸಬೇಡಿ (ಬೇಡ ಅಂದವರ ಫೋಟೊ ಬಿಟ್ಟು). ಜೂನ್‌ನಲ್ಲಿ ಸಪ್ಪೆ ಅನ್ನಿಸಿದ್ದಕ್ಕೆ ಡಿಸೆಂಬರ್‌ನಲ್ಲಿ ಜೋಡಿ ಸಿಗಬಹುದು.

ಆಮೇಲೆ ಚಿಕ್ಕ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಪರದೆಯ ಮೇಲೆ ಒಂದೊಂದೇ ನೋಡಿದರೆ ಒಂದೊಂದೂ ಚೆಂದವಾಗಿಯೇ ಕಾಣುತ್ತದೆ. ಇಲ್ಲಿ ಒಂದರ ಪಕ್ಕ ಒಂದು ಹೇಗೆ ಕೂರುತ್ತದೆ ಅನ್ನುವುದೇ ಮುಖ್ಯ. ಒಂದು ಜಾಗಕ್ಕೆ ನಾಲ್ಕರಿಂದ ಎಂಟು ಸಾಕು. ಒಂದೇ ಮಾತು ಹೇಳುವ ಎರಡು ಇದ್ದರೆ ಒಂದನ್ನು ತೆಗೆಯಿರಿ, ಎಷ್ಟೇ ಇಷ್ಟವಿದ್ದರೂ. ಬಣ್ಣ ತಿದ್ದುವುದಿದ್ದರೆ ಎಲ್ಲಕ್ಕೂ ಒಂದೇ ಅಳತೆ.

ತಾರೀಕು ಮುಚ್ಚಿ, ಪ್ರಿಂಟ್‌ಗಳನ್ನು ಕಲೆಸಿ, ಆ ಬೀದಿ ಗೊತ್ತಿಲ್ಲದವರ ಕೈಗೆ ಕೊಡಿ. ವರ್ಷದ ಕ್ರಮದಲ್ಲಿ ಜೋಡಿಸಿ ಅನ್ನಿ. ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ನಿಮ್ಮ ಫೋಟೊ ಕಾಲವನ್ನು ಹೇಳುತ್ತಿಲ್ಲ. ಆ ತಿಂಗಳನ್ನು ಮುಂದಿನ ವರ್ಷ ಮತ್ತೆ ತೆಗೆಯಿರಿ. ಹೊರಗೆ ಹಂಚುವ ಮೊದಲು ಫೈಲಿನಲ್ಲಿ ಅಡಗಿರುವ ಜಾಗದ ಮಾಹಿತಿ ತೆಗೆದುಹಾಕಿ, ಮನೆ ನಂಬರ್, ಗಾಡಿ ನಂಬರ್ ಕಾಣುತ್ತಿದೆಯೇ ನೋಡಿ.

ಜಾಗವೇ ಕೈಕೊಟ್ಟರೆ?

ಇದನ್ನು ಕೇಳದವರಿಲ್ಲ. ಆರನೇ ತಿಂಗಳಲ್ಲಿ ಮರ ಕಡಿದರು. ಎದುರು ಮನೆಗೆ ಸಾರುವೆ ಕಟ್ಟಿದರು. ಗುರುತಿನ ಕಂಬದ ಮುಂದೆ ದೊಡ್ಡ ಗಾಡಿಯೊಂದು ಬಂದು ಠಿಕಾಣಿ ಹೂಡಿತು. ‘ಇನ್ನೇನು ಬಿಡಿ, ಹೊಸ ಜಾಗ ನೋಡೋಣ’ ಅಂತ ಅನ್ನಿಸುತ್ತದೆ.

ಬಿಡಬೇಡಿ. ಅದೇ ಜಾಗದಲ್ಲಿ ನಿಂತು, ಅಡ್ಡ ಬಂದದ್ದನ್ನು ಸೇರಿಸಿಯೇ ತೆಗೆಯಿರಿ. ಗುರುತಿನ ಜೋಡಿ ಹೋಗಿದ್ದರೆ ಹಳೆಯ ಫೋಟೊ ನೋಡಿ ಅದೇ ದಿನ ಹೊಸ ಜೋಡಿ ಹುಡುಕಿ ಬರೆದುಕೊಳ್ಳಿ, ತಡ ಮಾಡಿದರೆ ಅದೂ ಹೋಗುತ್ತದೆ. ಗಾಡಿ ಒಂದು ದಿನ ಹೋಗುತ್ತದೆ. ಮರ ಬರುವುದಿಲ್ಲ, ಆದರೆ ಆ ಮರದ ನೆರಳಿನಲ್ಲಿ ಕೂರುತ್ತಿದ್ದವರು ಈಗ ಎಲ್ಲಿ ಕೂರುತ್ತಾರೆ ಅನ್ನುವುದು ಅದೇ ಚೌಕಟ್ಟಿನಲ್ಲಿ ಎರಡು ವಾರದೊಳಗೆ ಕಾಣಿಸುತ್ತದೆ.